ಬೀಗರ ಕಾರಿನ ಗುಳ್ಳೆಗಳು

ಹಾಸನದಲ್ಲಿ ಕಾರಿನ ಕುಷನ್ ಅಂಗಡಿ ಇಟ್ಟುಕೊಂಡವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ನಾಲ್ಕು ಚಕ್ರದ ಮೇಲೆ ಬಂದು ಅಂಗಡಿ ಮುಂದೆ ಹಾರ್ನ್ ಹೊಡೆಯುತ್ತದೆ. ಹರಿದ ಸೀಟು, ಜೋತುಬಿದ್ದ ಛಾವಣಿ ಬಟ್ಟೆ, ಇಲಿ ಕಡಿದ ಸ್ಪಂಜು, ಎಲ್ಲಕ್ಕೂ ಒಂದೊಂದು ಕಥೆ ಇದ್ದೇ ಇರುತ್ತದೆ. ಆದರೆ ಈಚೆಗೆ ಕೈಗೆ ಬಂದ ಒಂದು ಲೆದರ್ ಡ್ಯಾಶ್‌ಬೋರ್ಡು ನನ್ನನ್ನು ನಗಿಸಿದಷ್ಟು ಯಾವುದೂ ನಗಿಸಿಲ್ಲ, ಬೆವರಿಳಿಸಿದಷ್ಟು ಯಾವುದೂ ಬೆವರಿಳಿಸಿಲ್ಲ!

ಯಾಕೆಂದರೆ ಆ ಕಾರು ನನ್ನ ಬೀಗರದು. ಹಳ್ಳಿಮೈಸೂರಿನ ಹತ್ತಿರದ ಆ ಮನೆಗೆ ಮಗಳನ್ನು ಕೊಟ್ಟು ಆಗ ಎಂಟೇ ತಿಂಗಳಾಗಿತ್ತು. ಬೇರೆ ಗಿರಾಕಿಯ ಕೆಲಸ ಕೆಟ್ಟರೆ ಅವನು ನಾಲ್ಕು ಮಾತು ಬೈದು ಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ಬೀಗರ ಕಾರಿನ ಕೆಲಸ ಕೆಟ್ಟರೆ "ನೋಡು, ನಿಮ್ಮಪ್ಪ ಮಾಡಿದ್ದು" ಅನ್ನುವ ಮಾತನ್ನು ನನ್ನ ಮಗಳು ಆ ಕಾರು ಇರುವಷ್ಟು ಕಾಲ ಕೇಳಬೇಕು. ಕಾರು ಹೋದ ಮೇಲೂ ಕೇಳಬೇಕು.

೧. ಲೆಕ್ಕಕ್ಕಿಲ್ಲದ ತಿಂಗಳು

ಏಳು ಸೀಟಿನ ದೊಡ್ಡ ಕಾರು. ಡ್ಯಾಶ್‌ಬೋರ್ಡಿಗೆ ಕಂಪನಿಯವರೇ ಕಂದು ಲೆದರ್ ಹೊದಿಸಿದ್ದರು. ವಾರಂಟಿ ಇದ್ದ ಮೂರು ವರ್ಷ ಅದು ಹಸುವಿನ ಹಾಗೆ ಸುಮ್ಮನಿತ್ತು. ವಾರಂಟಿ ಮುಗಿದ ಹದಿನೆಂಟನೇ ದಿನ ಗಾಜಿನ ಅಂಚಿನಲ್ಲಿ ಕುಗ್ಗಿ ಹಿಂದಕ್ಕೆ ಸರಿಯಿತು, ನಡುವೆ ಪೂರಿಯ ಹಾಗೆ ಉಬ್ಬಿಕೊಂಡಿತು. ಬೀಗರು ಫೋನ್ ಮಾಡಿದರು.

"ಬೀಗ್ರೇ, ಸರ್ವೀಸ್ ಸೆಂಟ್ರಿಗೆ ನೀವೂ ಬಂದ್ಬುಡಿ. ಲೆದರ್ ಇಸ್ಯ ತಿಳ್ದೋರು ಒಬ್ರು ಪಕ್ಕದಲ್ಲಿದ್ರೆ ನಂಗೂ ಧೈರ್ಯ."

ನಾನು ಹೋದೆ. ಅಷ್ಟರಲ್ಲಾಗಲೇ ಅವರು ಎರಡು ಸಲ ಅಲ್ಲಿ ಜಗಳ ಆಡಿ ಬಂದಿದ್ದರಂತೆ. ಮ್ಯಾನೇಜರು ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು, ಕಾಫಿ ತರಿಸಿ, ಕಂಪ್ಯೂಟರ್ ತಿರುಗಿಸಿ ತೋರಿಸಿದರು. "ನೋಡಿ ಸಾರ್, ವಾರಂಟಿ ಮುಗಿದು ಇಪ್ಪತ್ತಮೂರು ದಿನ ಆಗಿದೆ."

ಬೀಗರು ಕಂಪ್ಯೂಟರ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚೀಲದಿಂದ ಒಂದು ಪಂಚಾಂಗ ತೆಗೆದು ಮೇಜಿನ ಮೇಲಿಟ್ಟರು!

"ನಾನು ಕಾರ್ ತಗಂಡ್ ಮ್ಯಾಕೆ ಒಂದು ಅಧಿಕ ಮಾಸ ಬಂದು ಓಗದೆ. ಆ ತಿಂಗ್ಳಲ್ಲಿ ನಾವು ಮದ್ವೆ ಮಾಡಕಿಲ್ಲ, ಮನೆ ಒಕ್ಕಲಾಗಕಿಲ್ಲ, ಒಳ್ಳೇ ಕೆಲ್ಸ ಒಂದೂ ಮಾಡಕಿಲ್ಲ. ಆ ತಿಂಗ್ಳು ಲೆಕ್ಕುಕ್ಕೇ ಇಲ್ಲ. ಅದುನ್ನ ಕಳೀರಿ. ವಾರಂಟಿ ಇನ್ನೂ ಏಳ್ ದಿನ ಅದೆ!"

ಪಕ್ಕದ ಮೇಜುಗಳವರೆಲ್ಲ ಕೆಲಸ ಬಿಟ್ಟು ಈ ಕಡೆ ತಿರುಗಿದರು. ಒಬ್ಬರು ತಮ್ಮ ಬೈಕಿನ ಇನ್ಶೂರೆನ್ಸಿಗೂ ಇದು ನಡೆಯುತ್ತಾ ಎಂದು ಮೆಲ್ಲಗೆ ವಿಚಾರಿಸಿದರು. ಮ್ಯಾನೇಜರು ಪಂಚಾಂಗ ತೆಗೆದು, ಪುಟ ತಿರುವಿ, ತಿಂಗಳು ನೋಡಿ, ಗಂಭೀರವಾಗಿ ತಲೆಯಾಡಿಸಿದರು. ಗೆದ್ದೆವು ಅಂದುಕೊಂಡು ನಾನು ಬೀಗರ ಕೈ ಒತ್ತಿದೆ.

"ಒಪ್ಪಿದೆ ಸಾರ್. ನಿಮ್ಮ ವಾರಂಟಿಗೆ ಒಂದು ಅಧಿಕ ಮಾಸ ಸೇರಿಸಿದೆ. ಈಗ ನಡೀತಿರೋದು ಅದೇ ತಿಂಗಳು," ಅಂದರು ಮ್ಯಾನೇಜರು. "ಆದರೆ ಆ ತಿಂಗಳಲ್ಲಿ ಒಳ್ಳೇ ಕೆಲಸ ಒಂದೂ ಮಾಡೋ ಹಾಗಿಲ್ಲ ಅಂತ ನೀವೇ ಹೇಳಿದ್ರಲ್ಲ!"

೨. ಹೊಟ್ಟೆ ಉಬ್ಬರ

ಹೊರಗೆ ಬಂದ ಮೇಲೆ ಬೀಗರು "ಇನ್ ಯಾಕೆ ಇವರ ಸಾವಾಸ, ನೀವೇ ಮಾಡ್ಬುಡಿ ಬೀಗ್ರೇ" ಅಂದರು. ಸೀಟು ಸಾವಿರ ಹೊಲಿದಿದ್ದೇನೆ, ಆದರೆ ಲೆದರ್ ಡ್ಯಾಶ್‌ಬೋರ್ಡಿಗೆ ಅಲ್ಲಿಯವರೆಗೆ ಕೈ ಹಾಕಿರಲಿಲ್ಲ. ಆದರೂ ಬೀಗರ ಮುಂದೆ ಆಗಲ್ಲ ಅನ್ನುವುದುಂಟೇ? "ಅದಕ್ಕೇನಂತೆ! ಸೋಮವಾರ ತಂದುಬಿಡಿ" ಅಂದೆ.

ಸೋಮವಾರದವರೆಗೆ ಕಾಯುವ ತಾಳ್ಮೆ ಆ ಮನೆಯಲ್ಲಿ ಎಲ್ಲರಿಗೂ ಇರಲಿಲ್ಲ. ಬೀಗರ ಅಣ್ಣ ದನದ ಡಾಕ್ಟರ ಕೈಕೆಳಗೆ ಕಾಂಪೌಂಡರಾಗಿ ದುಡಿದು ರಿಟೈರಾದವರು. ಸುತ್ತಲ ಹತ್ತು ಹಳ್ಳಿಯ ಹಸುಗಳಿಗೆ ಅವರ ಕೈಗುಣ ಗೊತ್ತು. ಅವರು ಕಾರಿನ ಮುಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಡ್ಯಾಶ್‌ಬೋರ್ಡನ್ನು ಬೆರಳಿನಿಂದ ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿದರಂತೆ.

"ಉಬ್ಬರ ಕಣ್ಲಾ ಇದು. ಎಡಗಡೀಕೆ ಗಾಳಿ ತುಂಬ್ಕಂಡದೆ. ಚುಚ್ಚಿದ್ರೆ ಇಳೀತದೆ."

ಬೀಗರು ಬೇಡ ಅನ್ನುವಷ್ಟರಲ್ಲಿ ದಪ್ಪ ಸೂಜಿ ಒಳಗೆ! ನಿಜ ಹೇಳಬೇಕೆಂದರೆ ಗಾಳಿ ಪುಸ್ಸೆಂದು ಬಂದೇ ಬಂತು, ಗುಳ್ಳೆ ಇಳಿದೇ ಇಳಿಯಿತು. ಮನೆಯವರೆಲ್ಲ ಹೋ ಅಂದರು. ಅಣ್ಣನವರಿಗೆ ಇನ್ನಷ್ಟು ಹುಮ್ಮಸ್ಸು ಬಂದು, ಇರುವ ಗುಳ್ಳೆಗೂ ಇಲ್ಲದ ಗುಳ್ಳೆಗೂ ಸೇರಿಸಿ ಹನ್ನೊಂದು ತೂತು ಹಾಕಿದರು. ಮಾರನೆಯ ಮಧ್ಯಾಹ್ನ ಬಿಸಿಲು ಏರಿದ್ದೇ ತಡ, ಹನ್ನೊಂದು ತೂತುಗಳ ಸಮೇತ ಗುಳ್ಳೆ ಮೊದಲಿಗಿಂತ ದೊಡ್ಡದಾಗಿ ಎದ್ದು ಕೂತಿತ್ತು.

ಮತ್ತೆ ಅಣ್ಣನವರನ್ನು ಕರೆದರು. ಅವರು ಕಾರನ್ನು ಒಂದು ಸುತ್ತು ಹಾಕಿ, ಹೊಗೆ ಬರುವ ಕೊಳವೆಯನ್ನು ಬಗ್ಗಿ ನೋಡಿ, ತಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದರಂತೆ: "ಡೀಸೆಲ್ ಯಾವ್ ಬಂಕಲ್ಲಿ ಆಕುಸ್ತಿದ್ದೀಯಲಾ? ಮೇವು ಬದ್ಲಾಯ್ಸಿ ನೋಡು."

೩. ಬೆಲ್ಟು ಕಟ್ಟಿಕೊಂಡ ಗುಂಡು

ಈ ಪ್ರಸಂಗದಲ್ಲಿ ತಪ್ಪು ನನ್ನದೇ. ತೂತಿನ ಸುದ್ದಿ ಕೇಳಿ ಗಾಬರಿಯಾಗಿ, "ಬೀಗ್ರೇ, ಇನ್ಯಾರೂ ಮುಟ್ಟಬೇಡಿ. ಕಾರು ತರುವಾಗ ಲೆದರ್ ಇನ್ನಷ್ಟು ಮೇಲೆ ಏಳದ ಹಾಗೆ ಏನಾದರೂ ಭಾರ ಇಟ್ಟುಕೊಂಡು ಬನ್ನಿ" ಅಂದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಒಂದು ಮಡಿಸಿದ ಟವಲ್ಲು, ಹೆಚ್ಚೆಂದರೆ ಒಂದು ದಿಂಬು. ಅವರು ಒರಳಿನಿಂದ ರುಬ್ಬುಗುಂಡನ್ನು ಎತ್ತಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು!

ಇಟ್ಟಿದ್ದೇನೋ ಸರಿ, ಅದು ನಿಲ್ಲಬೇಕಲ್ಲ. ಊರು ಬಿಡುವ ಮೊದಲ ಹಂಪಿನಲ್ಲೇ ಉರುಳಿ ಬೀಗಿತ್ತಿಯ ಮಡಿಲಿಗೆ ಬರಲು ನೋಡಿತಂತೆ. ಅವರು ಎರಡೂ ಕೈಯಲ್ಲಿ ತಡೆದು ಹಿಡಿದರು. ಬೀಗರು ಕಾರು ನಿಲ್ಲಿಸಿ ಯೋಚಿಸಿದರು. ಹೆಂಡತಿಯ ಬೆಲ್ಟು ಬಿಚ್ಚಿ, ಉದ್ದಕ್ಕೆ ಎಳೆದು, ಗುಂಡಿಗೆ ಒಂದು ಸುತ್ತು ಹಾಕಿ ಟಕ್ ಎಂದು ಲಾಕ್ ಮಾಡಿದರು. ಹೊಳೆನರಸೀಪುರ ದಾಟಿದರು, ಏನೂ ಆಗಲಿಲ್ಲ. ಹಾಸನದ ಹತ್ತಿರ ಬರುವಾಗ ಪೊಲೀಸಿನವರು ಕೈ ಅಡ್ಡ ಹಾಕಿದರು.

"ಏನ್ರೀ ಯಜಮಾನ್ರೇ, ಅಮ್ಮಾವ್ರಿಗೆ ಬೆಲ್ಟ್ ಹಾಕಿಲ್ಲ, ಕಲ್ಲಿಗೆ ಹಾಕಿದ್ದೀರಿ?"

ಬೀಗರು ಸುಳ್ಳು ಹೇಳುವ ಜಾತಿಯಲ್ಲ. ಕೈ ಮುಗಿದು ವಿವರಿಸಿದರು: "ಸೀಟಿಗೆ ಒಂದೇ ಬೆಲ್ಟ್ ಕೊಟ್ಟವ್ರೆ ಸಾ. ಯಾವುದು ಜಾಸ್ತಿ ಉಳ್ಳಾಡ್ತದೋ ಅದುಕ್ಕೆ ಕಟ್ಟಿವ್ನಿ."

ಪೊಲೀಸಿನವರಿಗೆ ನಗು ತಡೆಯಲಾಗದೆ "ಹೋಗಿ" ಅಂದುಬಿಟ್ಟರಂತೆ. ಬೀಗಿತ್ತಿ ಮಾತ್ರ ಅಂಗಡಿ ಮುಂದೆ ಕಾರು ಇಳಿದ ಮೇಲೂ ಗಂಡನ ಮುಖ ನೋಡಲಿಲ್ಲ. ನನ್ನ ಹೆಂಡತಿ "ಬನ್ನಿ, ದಾರಿಯಲ್ಲಿ ಆಯಾಸ ಆಯ್ತಾ?" ಎಂದು ಕೇಳಿದ್ದಕ್ಕೆ, "ನಂಗೇನಿಲ್ಲ ಕಣವ್ವ, ಗುಂಡು ಸುಕವಾಗ್ ಬಂತು" ಅಂದರು.

ಕಾಫಿ ಕುಡಿಯುತ್ತಾ ಬೀಗರು ಇನ್ನೊಂದು ವಿಷಯ ಹೇಳಿದರು. ಅವರ ಚಿಕ್ಕ ಮಗನಿಗೆ ಅರಕಲಗೂಡಿನ ಕಡೆಯ ಹೆಣ್ಣು ಒಪ್ಪಿಗೆಯಾಗಿತ್ತು. ಬರುವ ಭಾನುವಾರ ಹೆಣ್ಣಿನ ಅಪ್ಪ ಅಮ್ಮ ಗಂಡಿನ ಮನೆ ನೋಡಲು ಬರುವವರಿದ್ದರು. ಅವರನ್ನು ಅರಕಲಗೂಡಿನಿಂದ ಕರೆತರುವುದು ಇದೇ ಕಾರಿನಲ್ಲಿ. "ಅವ್ರು ಮೊದ್ಲು ನೋಡದು ಮನೇನಲ್ಲ ಬೀಗ್ರೇ, ಈ ಡ್ಯಾಸ್‌ಬೋರ್ಡು" ಅಂದರು. ಅಂದರೆ ಒಬ್ಬ ಸೊಸೆಯ ಮರ್ಯಾದೆ, ಬರಲಿರುವ ಇನ್ನೊಬ್ಬ ಸೊಸೆಯ ಸಂಬಂಧ, ಎರಡೂ ಲೆದರ್ ಕಾಯಿಸುವ ನನ್ನ ಹೀಟ್ ಗನ್ನಿನ ತುದಿಗೆ ಬಂದು ಕೂತವು. ಉಳಿದದ್ದು ಆರು ದಿನ.

೪. ಸ್ಯಾಂಪಲ್

ಬೇಕಾದ ಲೆದರ್ ಚನ್ನರಾಯಪಟ್ಟಣದ ಒಬ್ಬ ಕುಷನ್ ಸಾಮಾನಿನವನ ಹತ್ತಿರ ಮಾತ್ರ ಇತ್ತು. ಬಣ್ಣ ಹೇಗೆ ಹೇಳುವುದು? ಫೋಟೋ ತೆಗೆದರೆ ಒಂದು ಫೋನಿನಲ್ಲಿ ಕಾಫಿ, ಇನ್ನೊಂದರಲ್ಲಿ ಇಟ್ಟಿಗೆ. ಲೆದರಿನ ತುಂಡು ಕತ್ತರಿಸಿಕೊಂಡು ಹೋಗೋಣವೆಂದರೆ, ಹೊಸ ಲೆದರ್ ಕೈಗೆ ಸಿಗುವ ಮೊದಲೇ ಬೀಗರ ಕಾರಿಗೆ ಕತ್ತರಿ ಇಡುವ ಧೈರ್ಯ ಬರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಬೀಗಿತ್ತಿ ನಮ್ಮ ಮನೆಗೆಂದು ತಂದಿದ್ದ ಬೆಲ್ಲ! ಡಬ್ಬಿಯಿಂದ ಒಂದೊಂದೇ ಅಚ್ಚು ತೆಗೆದು ಡ್ಯಾಶ್‌ಬೋರ್ಡಿಗೆ ಹಿಡಿದು ನೋಡಿದೆ. ಮೊದಲನೆಯದು ಕಪ್ಪು, ಎರಡನೆಯದು ಕೆಂಪು. ಮೂರನೆಯದು ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಅದೇ ಬಣ್ಣ! ಸಂತೋಷಕ್ಕೆ ಕೂಗಿಬಿಟ್ಟೆ. ಅದನ್ನು ಕಾಗದದಲ್ಲಿ ಸುತ್ತಿ, ಮೇಲುಜೇಬಿನಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಪಕ್ಕದವರು ಒರಗದಂತೆ ಕಾಪಾಡಿಕೊಂಡು ಚನ್ನರಾಯಪಟ್ಟಣ ಮುಟ್ಟಿದೆ.

ಅಂಗಡಿಯವನು ಹಳೆಯ ಪರಿಚಯ. ಬೆಲ್ಲದ ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟು, ಮೇಲಿನ ಹಲಗೆಯಲ್ಲಿದ್ದ ಲೆದರ್ ಸುರುಳಿ ಇಳಿಸಲು ಆ ಕಡೆ ತಿರುಗಿದೆ. ಅರ್ಧ ನಿಮಿಷವೂ ಆಗಿಲ್ಲ, ಹಿಂದಿನಿಂದ ಕಟುಂ ಎಂದು ಸದ್ದು.

"ಬೊಂಬಾಟಾಗದೆ ಸಾ ಬೆಲ್ಲ! ಯಾವ ಆಲೆಮನೇದು?"

ತಿರುಗಿ ನೋಡಿದರೆ ಕಾಗದ ಖಾಲಿ, ಅವನ ಕೆನ್ನೆ ಉಬ್ಬಿದೆ.

"ಲೇ, ಉಗುಳ್ಲಾ! ಅದು ಬೆಲ್ಲ ಅಲ್ಲ ಕಣ್ಲಾ, ನಮ್ಮ ಬೀಗರ ಡ್ಯಾಶ್‌ಬೋರ್ಡು!"

ಅವನು ಗಾಬರಿಯಾಗಿ ನುಂಗಿಬಿಟ್ಟ. ಪುಣ್ಯಕ್ಕೆ ಕಾಗದದ ಮಡಿಕೆಯಲ್ಲಿ ಕಾಳಿನಷ್ಟು ಚೂರು ಅಂಟಿಕೊಂಡಿತ್ತು. ಆ ಚೂರನ್ನು ಹಿಡಿದುಕೊಂಡು ಬಾಗಿಲ ಬೆಳಕಿನಲ್ಲಿ ಹದಿನಾಲ್ಕು ಸುರುಳಿ ಹೊಂದಿಸಿ ನೋಡಿದೆವು. ಕೊನೆಗೆ ಸಿಕ್ಕಿತು, ಅದೇ ಬಣ್ಣ! ಬಸ್ಸಿಗೆ ಹೊರಟಾಗ ಅಂಗಡಿಯವನು ಬಾಗಿಲವರೆಗೆ ಬಂದು ಹೇಳಿದ: "ಮುಂದುನ್ ಸಲ ಅಳದಿ ಸೀಟಿನ್ ಕೆಲ್ಸ ಇಡ್ಕಳಿ ಸಾ, ಮೈಸೂರ್‌ಪಾಕ್ ಸ್ಯಾಂಪಲ್ ತನ್ನಿ."

೫. ಜೀರಿಗೆ

ಮಂಗಳವಾರ ಬ್ಯಾಟರಿ ತಂತಿ ಕಳಚಿ, ಡ್ಯಾಶ್‌ಬೋರ್ಡ್ ಇಳಿಸಿ, ಹಳೆಯ ಲೆದರ್ ಸುಲಿದೆ. ಅಡಿಯಲ್ಲಿ ಗಾಜಿನ ಕಡೆಗೆ, ಗಾಳಿ ಬರುವ ಸೀಳುಗಳ ಸುತ್ತ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಬೂಷ್ಟು ಅಂದುಕೊಂಡೆ. ಉಗುರಿನಿಂದ ಕೆರೆದರೆ ಗಟ್ಟಿ. ಕನ್ನಡಕ ಹಾಕಿಕೊಂಡು ನೋಡಿದೆ. ಬೂಷ್ಟಿನಲ್ಲಿ ಜೀರಿಗೆ!

ಮೂವತ್ತು ವರ್ಷ ಕುಷನ್ ಕೆಲಸ ಮಾಡಿದ್ದೇನೆ, ಡ್ಯಾಶ್‌ಬೋರ್ಡನ್ನು ನಾಲಿಗೆ ಮೇಲಿಟ್ಟುಕೊಂಡದ್ದು ಅದೇ ಮೊದಲು. ಉಪ್ಪು, ಹಸಿಮೆಣಸಿನಕಾಯಿ, ಅಕ್ಕಿ. ಸಂದೇಹವೇ ಇಲ್ಲ, ಸಂಡಿಗೆ! ಕೂಡಲೇ ಮಗಳಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದದ್ದು ಪಿಸುಪಿಸು.

"ಅಪ್ಪಾ, ಮೆತ್ಗೆ ಮಾತಾಡು. ಅತ್ತೆ ಒಣಗಾಕದು. ಮಾವ ತೋಟಕ್ಕೆ ಓದ್ಮೇಲೆ ಗಾಜೆಲ್ಲ ಏರ್ಸಿ, ಮುಂದ್ಗಡೆ ಪ್ಲಾಸ್ಟಿಕ್ ಆಳೆ ಆಸಿ, ಅದ್ರ ಮೇಲೆ ಬಿಡ್ತಾರೆ. ಕಾಗೆ ಇಲ್ಲ, ಕೋಳಿ ಇಲ್ಲ, ಧೂಳಿಲ್ಲ, ಒಂದೇ ದಿನ್ಕೆ ಗರಿಗರಿ ಅಂತವೆ. ಮಾವಂಗೆ ಗೊತ್ತಿಲ್ಲ. ಸರ್ವೀಸ್ ಸೆಂಟ್ರಲ್ಲಿ ಮೂರ್ ಸಲ ಜಗಳ ಆಡ್ಬಂದವ್ರೆ. ಈಗ ಇದು ನಿನ್ ಬಾಯಿಂದ ಬಂದ್ರೆ ಅತ್ತೆ ಮುಂದೆ ನಾನು ಎಂಗಪ್ಪಾ ತಲೆ ಎತ್ತದು?"

ನನಗೆ ಎಲ್ಲವೂ ಹೊಳೆಯಿತು. ಮೇಲೆ ಬಿಸಿಲಿನ ಕಾವು, ಅಡಿಯಲ್ಲಿ ಹಾಳೆಯ ಅಂಚಿನಿಂದ ಸೀಳಿಗೆ ಇಳಿದ ಹಸಿ ಹಿಟ್ಟಿನ ಆವಿ. ಯಾವ ದೇಶದ ಲೆದರ್ ತಾನೇ ತಡೆದೀತು? ಬಾಯಿಗೆ ಬೀಗ ಹಾಕಿಕೊಂಡೆ. ಕಂಡ ಕಡೆಯೆಲ್ಲ ಕೆರೆದು, ತೊಳೆದು, ಊದಿ ತೆಗೆದೆ. ಹೊಸ ಲೆದರಿಗೆ ಸಲ್ಯೂಷನ್ ಅಂಟು ಹಚ್ಚಿ, ಹೀಟ್ ಗನ್ ಹಿಡಿದು, ಎಳೆದೆಳೆದು ಕೂರಿಸಿದೆ. ಗುಂಡು ಇಟ್ಟ ಪಾಠ ನೆನಪಿತ್ತು, ಅದಕ್ಕೆ ಮೆತ್ತನೆಯ ಭಾರ ಬೇಕೆಂದು ಹಳೆಯ ದಿಂಬಿನ ಚೀಲಗಳಿಗೆ ರಾಗಿ ತುಂಬಿ ಉದ್ದಕ್ಕೂ ಹೇರಿದೆ. ರಾಗಿ ಎಲ್ಲ ಡೊಂಕಿಗೂ ಹೊಂದಿಕೊಂಡು ಕೂತಿತು! ಎರಡು ದಿನ ಬಿಟ್ಟು ಚೀಲ ಎತ್ತಿದರೆ ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ಅಂಗಡಿಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿಕೊಂಡೆ.

ಸಂಡಿಗೆಯ ಗುಟ್ಟನ್ನು ಹೆಂಡತಿಯೊಬ್ಬಳಿಗೆ ಮಾತ್ರ ಹೇಳಿದೆ. ನಗುತ್ತಾಳೆ, ಇಲ್ಲವೇ ಮಗಳ ಬಗ್ಗೆ ಕಳವಳ ಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಒಲೆ ಸಣ್ಣದು ಮಾಡಿ ನನ್ನ ಕಡೆ ತಿರುಗಿದಳು.

"ಅದ್ಕೇ ಅವ್ರ ಸಂಡ್ಗೆ ಅಷ್ಟು ಬೆಳ್ಳಗವೆ! ಅಲ್ರೀ, ನಾವ್ ಯಾವಾಗ ಕಾರ್ ತಗಳದು?"

೬. ಅರಕಲಗೂಡಿನ ಭಾನುವಾರ

ಶನಿವಾರ ಕಾರು ನೋಡಿದ ಬೀಗರು ಡ್ಯಾಶ್‌ಬೋರ್ಡಿನ ಮೇಲೆ ಮೂರು ಸಲ ಕೈಯಾಡಿಸಿದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ನಾಳೆ ನೀವೂ ಬರ್ಬೇಕು ಬೀಗ್ರೇ. ದಾರೀಲಿ ಏನಾರ ಎದ್ರೆ ಅಲ್ಲೇ ಕೂರ್ಸಕ್ಕೆ ಜನ ಬೇಕಲ್ಲ" ಅಂದರು.

ಹಾಗಾಗಿ ಭಾನುವಾರ ಕಾರಿನಲ್ಲಿ ನಾವು ಕೂತದ್ದು ಹೀಗೆ. ಬೀಗರು ಸ್ಟೀರಿಂಗ್ ಹಿಡಿದಿದ್ದರು. ಅವರ ಪಕ್ಕದಲ್ಲಿ ಅರಕಲಗೂಡಿನ ಹೆಣ್ಣಿನ ತಂದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ತಿದ್ದಿದ ದಪ್ಪ ಮೀಸೆ. ನಡುವಿನ ಸಾಲಿನಲ್ಲಿ ಹೆಣ್ಣಿನ ತಾಯಿ ಮತ್ತು ನಮ್ಮ ಬೀಗಿತ್ತಿ. ಕೊನೆಯ ಸಾಲಿನಲ್ಲಿ ನಾನು, ನನ್ನ ಮಗಳು. ಹೆಣ್ಣಿನ ತಂದೆ ಹತ್ತಿದವರೇ ಡ್ಯಾಶ್‌ಬೋರ್ಡ್ ಸವರಿ, "ಕಾರು ಒಸ್ದಾ?" ಅಂದರು. ನನ್ನ ಮಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಒಂದು ಮಾತಿಗೆ ನಾನು ಇನ್ನೂ ಹತ್ತು ಡ್ಯಾಶ್‌ಬೋರ್ಡ್ ಮಾಡಿಕೊಡಲು ತಯಾರಿದ್ದೆ!

ಬಿಸಿಲು ಏರಿತು. ಹೆಣ್ಣಿನ ತಂದೆ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಬೀಗರಿಗೆ ಎಲ್ಲಿಲ್ಲದ ಉತ್ಸಾಹ. "ಏಸಿ ಜೋರಾಗ್ ಆಕ್ತೀನಿ ತಡೀರಿ" ಎಂದು ಯಾವ ಗುಂಡಿಯನ್ನು ಎಲ್ಲಿಗೆ ತಿರುಗಿಸಿದರೋ, ಗಾಳಿಯೆಲ್ಲ ಒಂದೇ ಸಲಕ್ಕೆ ಮುಂದಿನ ಗಾಜಿನ ಸೀಳಿನಿಂದ ಭರ್ ಎಂದು ಹೊರಟಿತು.

ಸೀಳಿನ ಮೇಲುಭಾಗವನ್ನು ನಾನು ತೊಳೆದಿದ್ದೆ. ಒಳಗಿನ ಕೊಳವೆಗೆ ನನ್ನ ಬ್ರಷ್ಷು ಹೋಗಿರಲಿಲ್ಲ. ವರ್ಷಗಳಿಂದ ಅಲ್ಲಿ ಉದುರಿ ಕೂತಿದ್ದ ಸಂಡಿಗೆಯ ಚೂರೆಲ್ಲ ಗಾಜಿಗೆ ಪಟಪಟ ಬಡಿದು, ಮೇಲೆ ಹಾರಿ, ಹೆಣ್ಣಿನ ತಂದೆಯ ಮೇಲೆ ಅಕ್ಷತೆ ಹಾಕಿದಂತೆ ಸುರಿದವು! ತಲೆ ಮೇಲೆ, ಅಂಗಿ ಮೇಲೆ, ಮೀಸೆಯ ಎರಡೂ ಕಡೆ.

ಬೀಗರು ಬ್ರೇಕ್ ಹಾಕಿ ಕಾರು ನಿಲ್ಲಿಸಿದರು. ಕನ್ನಡಿಯಲ್ಲಿ ಅವರ ಕಣ್ಣು ನನ್ನನ್ನು ಹುಡುಕಿತು.

"ಬೀಗ್ರೇ! ಒಳೀಕೆ ಏನ್ರೀ ತುಂಬಿದ್ದೀರಿ?"

ನಾನು ಏನು ಹೇಳಲಿ? ಸುಮ್ಮನಿದ್ದರೆ ಕೆಲಸ ಕೆಡಿಸಿದವನು ನಾನು. ನಿಜ ಹೇಳಿದರೆ ಹೊಸ ಬೀಗರ ಎದುರಿಗೇ ಬೀಗಿತ್ತಿಯ ಮಾನ ತೆಗೆದವನು ನಾನು. ಎರಡರಲ್ಲೂ ಆ ಮನೆಯಲ್ಲಿ ಬಾಳುವವಳು ನನ್ನ ಮಗಳು. ಬೀಗಿತ್ತಿ ಕಿಟಕಿಯ ಆಚೆ ಜೋಳದ ಹೊಲವನ್ನು ಬಲು ಆಸಕ್ತಿಯಿಂದ ನೋಡುತ್ತಿದ್ದರು.

ಅಷ್ಟರಲ್ಲಿ ಹೆಣ್ಣಿನ ತಾಯಿ ಮುಂದಕ್ಕೆ ಬಾಗಿ, ಗಂಡನ ಭುಜದ ಮೇಲಿದ್ದ ಒಂದು ಚೂರನ್ನು ಎತ್ತಿ, ಮೂಸಿ, ಬಾಯಿಗೆ ಹಾಕಿಕೊಂಡರು. "ಅಕ್ಕಿ ಸಂಡ್ಗೆ" ಅಂದರು.

"ನಮ್ ಕಾರಲ್ಲಿ ಸಂಡ್ಗೆಯಾ? ಯಾರ್ ತಂದಾಕಿದ್ದು?" ಬೀಗರ ದನಿ ಏರಿತು.

"ನಾನೇ ಮಾವ," ಅಂದಳು ನನ್ನ ಮಗಳು. "ಗಾಜಿನ್ ಕೆಳ್ಗೆ ಬಿಸ್ಲು ಚೆನ್ನಾಗ್ ಬೀಳುತ್ತೆ ಅಂತ ಒಣಗಾಕಿದ್ದೆ. ತಪ್ಪಾಯ್ತು."

ಅತ್ತೆಯನ್ನು ಉಳಿಸಲು ಎಲ್ಲವನ್ನೂ ತನ್ನ ತಲೆ ಮೇಲೆ ಎಳೆದುಕೊಂಡಿದ್ದಳು ಹುಚ್ಚು ಹುಡುಗಿ! ಏನಾದರಾಗಲಿ, ನಿಜ ಹೇಳಿಯೇಬಿಡೋಣ ಎಂದು ನಾನು ಸೀಟ್ ಹಿಡಿದು ಏಳುವಷ್ಟರಲ್ಲಿ ಹೆಣ್ಣಿನ ತಾಯಿ ಹಿಂದಕ್ಕೆ ತಿರುಗಿದರು.

"ಎಷ್ಟ್ ದಿನ್ಕೆ ಒಣಗ್ತವವ್ವಾ?"

"ಒಂದೇ ದಿನ್ಕೆ."

"ಕಾಗೆ ಕಾಟ?"

"ಗಾಜು ಏರ್ಸಿರ್ತೀವಲ್ಲ."

ಹೆಣ್ಣಿನ ತಾಯಿ ಗಂಡನ ಬೆನ್ನು ತಟ್ಟಿದರು. "ಕೇಳುದ್ರಾ? ನಾನು ತಾರಸಿ ಮೇಲೆ ಕೋಲ್ ಇಡ್ಕಂಡು ಮೂರ್ ದಿನ ಕಾಗೆ ಕಾಯ್ತೀನಿ. ಏನ್ ತಲೆ ಈ ಉಡ್ಗೀದು! ಇಂತಾ ಬುದ್ವಂತೆ ಸೊಸೆ ಇರೋ ಮನೇನ ಇನ್ನೇನ್ರೀ ನೋಡದು? ನಮ್ಮುಡ್ಗೀನ ಕೊಟ್ಟಂಗೇ ಅಂತ ಯೋಳ್ಬುಡಿ."

ಮೀಸೆಯಿಂದ ಚೂರು ಕೊಡವಿಕೊಳ್ಳುತ್ತಾ ಗಂಡ ತಲೆಯಾಡಿಸಿದರು. ಬೀಗರ ಮುಖ ಅರಳಿತು. ನನ್ನ ಮಗಳು ಉಸಿರು ಬಿಟ್ಟಳು. ಅಲ್ಲಿಯವರೆಗೆ ಜೋಳದ ಹೊಲ ನೋಡುತ್ತಿದ್ದ ಬೀಗಿತ್ತಿ ಮಾತ್ರ ಗಿರಕ್ಕನೆ ಒಳಕ್ಕೆ ತಿರುಗಿದರು. ಮುಖ ಕೆಂಪಾಗಿತ್ತು.

"ಅವ್ಳಲ್ಲ ಕಣಕ್ಕಾ! ಅವ್ಳು ಮನೀಗ್ ಬಂದು ಇನ್ನೂ ಎಂಟ್ ತಿಂಗ್ಳು. ಕಾರ್ ತಂದ ವಾರದಿಂದ್ಲೂ ಒಣಗಾಕ್ತಿರೋಳು ನಾನು!"